ನವೆಂಬರ್ ಬಂದರೆ ಇಂಗ್ಲೆಂಡಿನ ಫುಟ್‌ಬಾಲ್ ಮೈದಾನದ ತುಂಬ ಪಾಪಿ (poppy) ಹೂವು. ಅತಿಯಾಯಿತಲ್ವಾ?

ನಿಮ್ಮ ಮಗನ ತಂಡದವರೆಲ್ಲ ಯುದ್ಧದಲ್ಲಿ ಸತ್ತವರ ನೆನಪಿಗೆ ಅಂಗಿಗೆ ಪಾಪಿ ಹೂವು ಚುಚ್ಚಿಕೊಳ್ಳುತ್ತಾರೆ, ನಮಗೂ ಅವರ ಯುದ್ಧಕ್ಕೂ ಏನು ಸಂಬಂಧ, ನಾವೂ ಹಾಕಲೇಬೇಕಾ ಅಂತ ಕೇಳಿದ್ದೀರಿ. ಒಂದು ಕಾಲದಲ್ಲಿ ಆ ಹೂವು ಚುಚ್ಚುತ್ತಿದ್ದವನೇ ನಾನು.

2015. ಲೆಸ್ಟರ್‌ಗೆ ಬಂದು ಮೂರು ವರ್ಷವಾಗಿತ್ತು. ಮಗನ ತಂಡಕ್ಕೆ ನಾನೇ ಮ್ಯಾನೇಜರ್. ಬೇರೆ ಯಾವ ಅಪ್ಪನೂ ಒಪ್ಪಿರಲಿಲ್ಲ, ಅಷ್ಟೇ. ಗೋಲಿನ ಬಲೆ ಕಟ್ಟುವುದು, ಕಿತ್ತಳೆ ಹಣ್ಣು ಹೆಚ್ಚುವುದು ನನ್ನ ಕೆಲಸ.

ನವೆಂಬರಿನ ಎರಡನೇ ಭಾನುವಾರ ಇಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುತ್ತಾರೆ. ಹಿಂದಿನ ದಿನ ಟೀವಿಯಲ್ಲಿ ಪ್ರೀಮಿಯರ್ ಲೀಗ್ ಆಟಗಾರರ ಎದೆಯ ಮೇಲೆಲ್ಲ ಅದೇ ಕೆಂಪು ಹೂವು (ನಮ್ಮ ಪಾಯಸದ ಗಸಗಸೆಯ ನೆಂಟ ಅದು). ನಾನೂ ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಕೂತಿದ್ದ ಅಜ್ಜನ ಡಬ್ಬಿಗೆ ದುಡ್ಡು ಹಾಕಿ ಹದಿನೈದು ಹೂವು ತಂದೆ.

ಬೆಳಿಗ್ಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಪಿನ್ನು ಚುಚ್ಚುತ್ತ ಬಂದೆ. ನಮ್ಮ ಗೋಲ್‌ಕೀಪರ್ ಹುಡುಗ ಎದೆಗೆ ಕೈ ಅಡ್ಡ ಇಟ್ಟ. "ನಮ್ಮನೇಲಿ ಇದನ್ನ ಹಾಕಲ್ಲ" ಅಂದ. ಹಾಕದಿದ್ದರೆ ಇವತ್ತು ನೀನು ಆಡುವಂತಿಲ್ಲ ಅಂದುಬಿಟ್ಟೆ.

ಯಾಕೆ ಹಾಗಂದೆ? ನನ್ನ ತಲೆಯಲ್ಲಿದ್ದದ್ದು ಆಗಸ್ಟ್ 15. ಶಾಲೆಯಲ್ಲಿ ಅಂಗಿಗೆ ಪುಟ್ಟ ಬಾವುಟ ಚುಚ್ಚುತ್ತಿದ್ದರು, ಯಾರೂ ಬೇಡ ಅನ್ನುತ್ತಿರಲಿಲ್ಲ. ಇದೂ ಹಾಗೇ ಅಂದುಕೊಂಡೆ. ಇನ್ನೊಂದು ಕಾರಣ ಹೇಳಲು ನಾಚಿಕೆ. ಸುತ್ತ ಬಿಳಿ ಅಪ್ಪಂದಿರು ನಿಂತಿದ್ದರು. ಅವರಿಗಿಂತ ಒಂದು ಕೈ ಜಾಸ್ತಿಯೇ ನಾನು ಈ ದೇಶದವನು ಅಂತ ತೋರಿಸಬೇಕಿತ್ತು. ಅವರ್‍ಯಾರೂ ಅದನ್ನು ಕೇಳಿರಲಿಲ್ಲ. ಹುಡುಗನನ್ನು ಪಕ್ಕಕ್ಕೆ ಕರೆದು ಯಾಕಪ್ಪಾ ಅನ್ನಬಹುದಿತ್ತು. ಅದೂ ಬೇಕಿರಲಿಲ್ಲ, ಸುಮ್ನೆ ಮುಂದಿನ ಹುಡುಗನ ಹತ್ತಿರ ಹೋಗಿದ್ದರೆ ಸಾಕಿತ್ತು.

ಆಮೇಲೆ ರೆಫರಿ ಬಂದರು. ಪಿನ್ನು ಹಾಕಿಕೊಂಡು ಮಕ್ಕಳು ಆಡುವಂತಿಲ್ಲ, ಎಲ್ಲ ತೆಗೆಸಿ ಅಂದರು. ಹೂವೆಲ್ಲ ಕಿತ್ತಳೆ ಡಬ್ಬಿಗೆ ಬಿತ್ತು. ಈಗ ಯಾರ ಎದೆಯ ಮೇಲೂ ಹೂವಿಲ್ಲ, ಆದರೂ ಅವನು ಗೆರೆಯಾಚೆ ನಿಂತಿದ್ದಾನೆ. ಆಗಲಾದರೂ ಕರೆಯಬೇಕಿತ್ತಲ್ವಾ? ಆಡಿದ ಮಾತು ನುಂಗಿದರೆ ಮರ್ಯಾದೆ ಹೋಗುತ್ತೆ ಅಂತ ಕರೆಯಲಿಲ್ಲ. ಆರು ಗೋಲು ತಿಂದೆವು.

ಅವನ ಅಪ್ಪ ಉತ್ತರ ಐರ್ಲೆಂಡಿನ ಡೆರ್ರಿಯವರು. 1972ರ ಜನವರಿ 30ರಂದು ಆ ಊರಿನಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಜನರ ಮೇಲೆ ಗುಂಡು ಹಾರಿಸಿ ಅಂದೇ 13 ಜನರನ್ನು ಕೊಂದರು. ಅದೇ ಊರಿನ ಆಟಗಾರ ಜೇಮ್ಸ್ ಮೆಕ್ಲೀನ್ ಪಾಪಿ ಹಾಕದೆ ವರ್ಷ ವರ್ಷ ಬೈಗುಳ ತಿಂದವರು. ಪಾಪಿ ಆಮೇಲಿನ ಕಾಳಗಗಳಲ್ಲಿ ಸತ್ತ ಬ್ರಿಟಿಷ್ ಸೈನಿಕರಿಗೂ ಸೇರಿದ್ದು, ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ ಮಾತ್ರ ಆಗಿದ್ದರೆ ಹಾಕುತ್ತಿದ್ದೆ ಅಂತ 2014ರಲ್ಲಿ ಪತ್ರವನ್ನೂ ಬರೆದಿದ್ದರು. ಇದನ್ನೆಲ್ಲ ನಾನು ಓದಿದ್ದು ಆ ರಾತ್ರಿ. ನಾವು ಹೊಸದಾಗಿ ಬಂದಾಗ ಮೂರನೇ ಮಹಡಿಗೆ ವಾಷಿಂಗ್ ಮಷೀನ್ ಹೊತ್ತು ಕೊಟ್ಟ ಮನುಷ್ಯ ಆ ಹುಡುಗನ ಅಪ್ಪ. ಮುಂದಿನ ವಾರ ಹುಡುಗ ಬೇರೆ ತಂಡ ಸೇರಿದ.

ಹಾಗಾಗಿ ಅತಿಯಾಯಿತಾ ಅನ್ನುವ ಲೆಕ್ಕಕ್ಕೆ ನಾನು ಬರುವುದಿಲ್ಲ. ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾ ಆ ಲೆಕ್ಕಕ್ಕೆ ಹೋಗಿತ್ತು. 2016ರಲ್ಲಿ ಪಂದ್ಯದಲ್ಲಿ ಪಾಪಿ ತೋರಿಸಿದ್ದಕ್ಕೆ ಇಂಗ್ಲೆಂಡಿಗೆ 45,000 ಸ್ವಿಸ್ ಫ್ರಾಂಕ್ ದಂಡ ಹಾಕಿ, ಮರುವರ್ಷ ತಾನೇ ನಿಯಮ ಸಡಿಲಿಸಿತು. ನೀವು ತಂಡದವರನ್ನು ಒಂದೇ ಕೇಳಿ: ಬೇಡ ಅಂದ ಹುಡುಗ ಆಡಬಹುದಾ? ಹೌದು ಅಂದರೆ ಮೈದಾನಕ್ಕೆ ಎಷ್ಟು ಹೂವಾದರೂ ಸುರಿಯಲಿ. ಇಲ್ಲ ಅಂದರೆ ಒಂದು ಹೂವೂ ಜಾಸ್ತಿಯೇ.

ನಮಗೇನು ಸಂಬಂಧ ಅನ್ನುವುದನ್ನಂತೂ ಬಿಡಿ. ಮೊದಲ ಮಹಾಯುದ್ಧಕ್ಕೆ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಹೋಗಿದ್ದರು. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಮೇಲೆ ಕಾದಿದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯವರಿದ್ದರು. ಮನಸ್ಸಿದ್ದರೆ ಅವರಿಗಾಗಿ ಹಾಕಿ.

ಎರಡು ವರ್ಷದ ಮೇಲೆ ಆ ಅಪ್ಪ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿದರು. ಕ್ಷಮೆ ಕೇಳಿದೆ. "ಅವನೀಗ ಗೋಲ್‌ಕೀಪರ್ ಅಲ್ಲ, ಫಾರ್ವರ್ಡ್" ಅಂದವರೇ ದುಡ್ಡು ಕೊಡಲು ಒಳಗೆ ಹೋದರು.