ಬೆಳಗಾವಿಯವರು ಮರಾಠಿಯವರಲ್ವಾ ಅಂದ ಗೆಳೆಯನಿಗೆ

ಮೊನ್ನೆ ಫೋನಿನಲ್ಲಿ ನೀನು ಅಂದೆ, "ಬೆಳಗಾವಿಯವನಾಗಿ ಕನ್ನಡ ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲ!" ಹೊಗಳಿದ್ದೇ ಇರಬೇಕು. ಆಗ ಸುಮ್ನೆ ನಕ್ಕೆ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು.

ನಮ್ಮಜ್ಜಿ ಹುಟ್ಟಿದ್ದು ಶಹಾಪುರದಲ್ಲಿ, ಮದುವೆಯಾಗಿ ಹೋಗಿದ್ದು ಎರಡು ಓಣಿ ಆಚೆ. ಈಗ ಶಹಾಪುರ ಬೆಳಗಾವಿಯೊಳಗೇ ಇದೆ. ಅಜ್ಜಿ ಹುಟ್ಟಿದಾಗ ಸಾಂಗ್ಲಿ ಸಂಸ್ಥಾನದ್ದು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯ, 1973ರಲ್ಲಿ ಅದೇ ಕರ್ನಾಟಕ ಆಯಿತು. ಮನೆಯ ಮಗ್ಗದ ಕುಣಿ ಮಾತ್ರ ಇದ್ದಲ್ಲೇ ಇತ್ತು.

ಪುಸ್ತಕದಲ್ಲಿ ಪ್ರಭುತ್ವ ಅಂತಾರಲ್ಲ, ಅದು ಗೆರೆ, ಕಚೇರಿ, ಪೊಲೀಸು, ತೆರಿಗೆ. ನಮ್ಮಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ ರಾಜ್ಯದ ಗೆರೆ ಸರಿಸಬಹುದು, ಸಂವಿಧಾನದ 3ನೇ ವಿಧಿ ಇರೋದೇ ಅದಕ್ಕೆ. ರಾಷ್ಟ್ರ ಅನ್ನೋದು 'ನಾವು' ಅನ್ನೋ ಭಾವನೆ. ಕುರ್ದ್ ಜನರಿಗೆ ಅದು ಬೇಕಾದಷ್ಟಿದೆ, ಸ್ವಂತ ದೇಶ ಮಾತ್ರ ಇಲ್ಲ. ತುರ್ಕಿ, ಇರಾಕ್, ಇರಾನ್, ಸಿರಿಯಾಕ್ಕೆ ಹಂಚಿಹೋಗಿದ್ದಾರೆ. ಅಷ್ಟು ದೂರ ಯಾಕೆ, 1924ರಲ್ಲಿ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಕನ್ನಡದವರು ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಅಂತ ಚದುರಿದ್ದರು. ಆಗ ಏಕೀಕರಣದ ಸಮಾವೇಶ ಸೇರಿದ್ದು ಎಲ್ಲಿ ಅಂದ್ಕೊಂಡೆ? ನಮ್ಮೂರಲ್ಲಿ! (ಇನ್ನು ಮಹಾರಾಷ್ಟ್ರದ ಹೆಸರಲ್ಲೇ ರಾಷ್ಟ್ರ ಇದೆ, ಆದ್ರೆ ಅದು ರಾಜ್ಯ. ಇದನ್ನ ಮಕ್ಕಳಿಗೆ ಹೇಳಿಕೊಡೋದು ಹೇಗೆ ಅಂತ ನೀನೇ ಹೇಳು.)

ಬೆಳಗಾವಿ ಯಾರದ್ದು ಅನ್ನೋ ಗಡಿ ಜಗಳ ಬಿಡಿಸೋಕೆ ಕೂತ ಮಹಾಜನ ಆಯೋಗ 1967ರಲ್ಲಿ ಬೆಳಗಾವಿ ಇಲ್ಲೇ ಇರಲಿ ಅಂದಿದ್ದು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದು ಎಲ್ಲಾ ಪೇಪರಲ್ಲಿ ಓದಿರ್ತೀಯ. ನಮ್ಮ ತಲೆನೋವು ಬಸ್ಸು.

ಎಲ್ಲೋ ಯಾರೋ ಒಂದು ಬೋರ್ಡಿಗೆ ಮಸಿ ಬಳಿದರೆ ಸಾಕು, ಎರಡೂ ಕಡೆ ಬಸ್ಸು ಬಂದ್. ಸೋದರತ್ತೆ ಕೊಲ್ಲಾಪುರದಲ್ಲಿದ್ದಾಳೆ. ಅವಳ ಮಗಳ ಕುಬಸಕ್ಕೆ (ನಿಮ್ಮ ಕಡೆ ಸೀಮಂತ ಅಂತೀರಲ್ಲ, ಅದು) ಹೊರಟಾಗ ನಿಪ್ಪಾಣಿ ದಾಟಿ, ಗಡಿ ಇನ್ನೂ ದೂರ ಇರುವಾಗಲೇ ಬಸ್ಸು ನಿಂತಿತು. ಕಂಡಕ್ಟರ್ ನನಗೆ "ಇಳೀರಿ" ಅಂದ, ಅದೇ ಉಸಿರಲ್ಲಿ ಹಿಂದಿನ ಸೀಟಿನ ಮುದುಕಿಗೆ "ಉತ್ರಾ ಆಜಿ" ಅಂದ. ಅವ್ವನ ಕೈಯಲ್ಲಿ ಎರಡು ಕಿಲೋ ಕುಂದಾ, ನನ್ನ ಹೆಗಲ ಮೇಲೆ ಚೀಲ, ಆ ಆಜಿಯ ಗಂಟೂ ನನ್ನ ಕೈಗೇ ಬಂತು, ಹಂಗೇ ಉರಿಬಿಸಿಲಲ್ಲಿ ನಡೆದೆವು. ಆಚೆ ಕಡೆ ನಿಂತಿದ್ದ ಟೆಂಪೋದವನಿಗೆ ಭಾಷೆಯ ಭೇದವಿಲ್ಲ, ಎಲ್ಲರ ಹತ್ರವೂ ಮೂರು ಪಟ್ಟು ಕೇಳಿದ.

ಆ ಕಡೆ ಹೋದರೆ ನಾವು 'ಕಾನಡಿ', ಬೆಂಗಳೂರಿಗೆ ಬಂದರೆ ಮರಾಠಿಯವರು. ಪಕ್ಕದ ಮನೆ ಮಾವಶಿ ಜೊತೆ ನಾನು ಮರಾಠಿಯಲ್ಲೇ ಮಾತಾಡ್ತೀನಿ, ಅದಕ್ಕೆ ನನ್ನ ಕನ್ನಡ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಿಲ್ಲ. ನೀವು ಒಂದೇ ಭಾಷೆಯ ಓಣಿಯಲ್ಲಿ ಬೆಳೆದವರು, ನಿಮ್ಮನ್ನ ಯಾರೂ ಲೆಕ್ಕ ಕೇಳಲ್ಲ. ನಮ್ಮನ್ನ ಕೇಳ್ತಾರೆ, ಅದೂ ನಮ್ಮವರೇ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆಯಿತಲ್ಲ, ಚಳಿಗಾಲದಲ್ಲಿ ಕೆಲವು ದಿನ ಸರ್ಕಾರ ಬರುತ್ತೆ, ನೆಂಟರ ಹಾಗೆ ಹೊರಟು ಹೋಗುತ್ತೆ.

ಅವತ್ತು ಅತ್ತೆ ಬಾಗಿಲಲ್ಲೇ ಕೇಳಿದಳು, "ಈ ಸಲ ಎಷ್ಟ್ ದೂರ ನಡೆಸಿದ್ರವಾ?"

ನಿನಗೂ ಒಂದು ಕಿಲೋ ಕುಂದಾ ಕಳಿಸ್ತೀನಿ. ಬೆಂಗಳೂರಿಗೆ ಬಸ್ಸು ಇದೆ.