ಗ್ರಿಡ್ ಸಣ್ಣದಾದರೆ ವಿವರ ಹೆಚ್ಚುತ್ತಾ?

ಪ್ರಶ್ನೆ: ನನ್ನ ಹತ್ತಿರ 1 ಡಿಗ್ರಿ ಗ್ರಿಡ್‌ನ (ಅಕ್ಷಾಂಶ, ರೇಖಾಂಶ ಎರಡರಲ್ಲೂ 1 ಡಿಗ್ರಿಯ ಚೌಕಗಳ) ತಾಪಮಾನ, ಮಳೆಯ ಡೇಟಾ ಇದೆ. 0.25 ಡಿಗ್ರಿಗೆ ಇಂಟರ್‌ಪೊಲೇಟ್ ಮಾಡಿದರೆ, ಅಂದರೆ ನಡುವಿನ ಬೆಲೆಗಳನ್ನ ಅಂದಾಜಿಸಿ ತುಂಬಿದರೆ, ಹೊಸ ವಿವರ ಸಿಗುತ್ತಾ? ಸಣ್ಣ ಚೌಕದಿಂದ ದೊಡ್ಡ ಚೌಕಕ್ಕೆ ಹೋಗುವಾಗಲೂ ಅದೇ ವಿಧಾನ ಸಾಕಾ?

ಉತ್ತರ: ಸಿಗಲ್ಲ. ಚಿತ್ರ ನುಣ್ಣಗೆ ಕಾಣುತ್ತೆ, ಅಷ್ಟೇ. ಬೈಲಿನಿಯರ್ ವಿಧಾನ ಸುತ್ತಲಿನ ನಾಲ್ಕು ಬಿಂದುಗಳ ಸರಾಸರಿ ತೆಗೆಯುತ್ತೆ, ಹತ್ತಿರದ್ದಕ್ಕೆ ಜಾಸ್ತಿ ತೂಕ ಕೊಟ್ಟು. ಮೂಲೆಗಳಲ್ಲಿ 20, 22, 24, 30 ಇದ್ದರೆ ನಟ್ಟನಡುವೆ 24 ಬರುತ್ತೆ. ಅಲ್ಲೊಂದು ಬೆಟ್ಟ ಇದ್ದರೆ? ಪಾಪ, ಅದಕ್ಕೆ ಗೊತ್ತೇ ಆಗಲ್ಲ. ಸಾವಿರ ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ ಅಂತ ಎತ್ತರದ ಲೆಕ್ಕವನ್ನ ನೀವೇ ಸೇರಿಸಬೇಕು. ಬಿಂದುಗಳ ನಡುವೆ ಬಾಗಿದ ಗೆರೆ ಹಾಯಿಸುವ ಕ್ಯೂಬಿಕ್ ವಿಧಾನ ಇನ್ನೂ ನುಣ್ಣಗಿರುತ್ತೆ ನಿಜ, ಆದರೆ ಮಳೆಗೆ ಹಾಕಿದರೆ ಕೆಲವು ಕಡೆ ಸೊನ್ನೆಗಿಂತ ಕಡಿಮೆ ಮಳೆ ತೋರಿಸುತ್ತೆ!

ಎರಡನೇ ಪ್ರಶ್ನೆಯಲ್ಲೇ ಜನ ಎಡವುವುದು. 0.05 ಡಿಗ್ರಿಯಿಂದ 1 ಡಿಗ್ರಿಗೆ ಹೋದರೆ ಒಂದು ದೊಡ್ಡ ಚೌಕದಲ್ಲಿ 400 ಸಣ್ಣ ಚೌಕಗಳಿರುತ್ತವೆ. ಬೈಲಿನಿಯರ್ ನೋಡುವುದು ನಾಲ್ಕನ್ನ ಮಾತ್ರ, ಉಳಿದ 396 ಸುಮ್ನೆ ಕಸದ ಬುಟ್ಟಿಗೆ, ಆ ನಾಲ್ಕರಲ್ಲಿ ಮಳೆ ಬಿದ್ದಿಲ್ಲ ಅಂದರೆ ಇಡೀ ಚೌಕವೇ ಒಣಗಿದ ಹಾಗೆ ಕಾಣುತ್ತೆ, ಅಲ್ವಾ? ಮಳೆಗೆ ಕನ್ಸರ್ವೇಟಿವ್ ವಿಧಾನ ಬಳಸಿ. ಅದು ಚೌಕದ ವಿಸ್ತೀರ್ಣದ ತೂಕ ಹಾಕಿ ಒಟ್ಟು ನೀರಿನ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುತ್ತೆ. ನೀವೇ ಸರಾಸರಿ ತೆಗೆಯುವುದಾದರೆ ಅಕ್ಷಾಂಶದ ಕೊಸೈನ್ ಮರೀಬೇಡಿ: 60 ಡಿಗ್ರಿಯಲ್ಲಿರುವ ಚೌಕ ಸಮಭಾಜಕದ ಚೌಕದ ಸುಮಾರು ಅರ್ಧದಷ್ಟೇ.

ನೆಲದ ಮೇಲೆ ಏನಿದೆ ಅಂತ ಹೇಳುವ ಕೋಡ್‌ಗಳನ್ನಂತೂ ಸರಾಸರಿ ಮಾಡಲೇಬೇಡಿ. 2 ಕಾಡು, 4 ನೀರು ಅಂತಿದ್ದರೆ ನಡುವೆ ಬರುವ 3 ಏನು? ಅಲ್ಲಿ ಹತ್ತಿರದ ಬಿಂದುವಿನ ಬೆಲೆಯನ್ನೇ ಎತ್ತಿಕೊಳ್ಳಿ.