ಅಲಯನ್ಸ್‌ಗಳು ಹೊಸ ಕಡೆ ಹೇಗೆ ಕಾಲಿಡ್ತವೆ?

ಪ್ರಶ್ನೆ: ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್ ಥರದ ವಿಮಾನ ಕಂಪನಿಗಳ ಕೂಟಗಳು (ಅಲಯನ್ಸ್‌ಗಳು) ಹೊಸ ಪ್ರದೇಶಕ್ಕೆ ಹೋಗೋವಾಗ ಅಲ್ಲಿನ ವಿಮಾನ ಕಂಪನಿಯನ್ನೇ ಯಾಕೆ ಸೇರಿಸ್ಕೊಳ್ತವೆ? ತಾವೇ ಹಾರಿಸಬಹುದಲ್ವಾ?

ಉತ್ತರ: ಅಲಯನ್ಸ್‌ಗೆ ಸ್ವಂತ ವಿಮಾನ ಇರಲ್ಲ, ಅದು ಕಂಪನಿಗಳ ಕೂಟ ಅಷ್ಟೇ, ಸದಸ್ಯ ಕಂಪನಿಗಳೇ ಹೋಗಿ ಹಾರಿಸೋಣ ಅಂದ್ರೂ ಬಹುತೇಕ ದೇಶಗಳು ತಮ್ಮೊಳಗಿನ ಊರುಗಳ ಮಧ್ಯೆ ಹಾರೋಕೆ ವಿದೇಶಿ ಕಂಪನಿಗೆ ಬಿಡಲ್ಲ, ಒಡೆತನಕ್ಕೂ ಮಿತಿ ಹಾಕಿರ್ತವೆ, ಹಾಗಾಗಿ ಕೊಂಡ್ಕೊಳ್ಳೋದೂ ಕಷ್ಟ. ಉಳಿಯೋ ದಾರಿ ಅಲ್ಲಿ ಆಗ್ಲೇ ಬೇರುಬಿಟ್ಟಿರೋರ ಜೊತೆ ಕೈಜೋಡಿಸೋದು. ಸಾಮಾನ್ಯವಾಗಿ ಮೊದಲು ಕೋಡ್‌ಶೇರ್, ಅಂದ್ರೆ ಒಬ್ಬರ ವಿಮಾನದ ಸೀಟನ್ನ ಇನ್ನೊಬ್ಬರು ತಮ್ಮ ನಂಬರಲ್ಲಿ ಮಾರೋದು, ಆಮೇಲೆ ಐಟಿ ಸಿಸ್ಟಮ್, ಮೈಲ್ಸ್ (ಹಾರಿದ್ದಕ್ಕೆ ಸಿಗೋ ಪಾಯಿಂಟ್), ಲೌಂಜ್, ಬ್ಯಾಗೇಜ್ ಎಲ್ಲಾ ಹೊಂದಿಸಬೇಕು. ಇದು ಬೇಗ ಮುಗಿಯೋ ಕೆಲಸ ಅಲ್ಲ, ಏರ್ ಇಂಡಿಯಾಗೆ 2007ರಲ್ಲೇ ಸ್ಟಾರ್‌ನಿಂದ ಆಹ್ವಾನ ಬಂದ್ರೂ ಮಧ್ಯೆ ತಡೆ ಬಿದ್ದು ಸೇರಿದ್ದು 2014ರಲ್ಲಿ.

ಲಾಭ ಮಾತ್ರ ದೊಡ್ಡದು. 2011ರಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್ ಸ್ಟಾರ್‌ಗೆ ಸೇರಿದಾಗ ಅಡಿಸ್ ಅಬಾಬಾ ಮೂಲಕ ಆಫ್ರಿಕಾದ ಎಷ್ಟೋ ಊರುಗಳು ಆ ಜಾಲಕ್ಕೆ ಬಂದ್ವು, ಒಂದು ಗಟ್ಟಿ ಹಬ್ (ವಿಮಾನ ಬದಲಿಸಿ ಬೇರೆ ಊರುಗಳಿಗೆ ಹೋಗೋ ಕೇಂದ್ರ) ಸಿಕ್ಕಿದ್ರೆ ಹತ್ತು ಹೊಸ ರೂಟ್ ತೆರೆಯೋದಕ್ಕಿಂತ ಅದೇ ಮೇಲು ಅಂತ ನನಗನ್ಸುತ್ತೆ. ಆದ್ರೆ ಸ್ಥಳೀಯ ಸದಸ್ಯ ಹೋದ್ರೆ ಜಾಲವೂ ಹೋಗುತ್ತೆ, 2020ರಲ್ಲಿ ದಕ್ಷಿಣ ಅಮೆರಿಕದ ವಿಮಾನ ಕಂಪನಿ ಲ್ಯಾಟಾಮ್ ಒನ್‌ವರ್ಲ್ಡ್‌ನಿಂದ ಹೊರಬಂದಾಗ ಅಲ್ಲಿ ಆ ಕೂಟಕ್ಕೆ ಒಂದೂ ಸದಸ್ಯ ಕಂಪನಿ ಉಳೀಲಿಲ್ಲ.